ನನ್ನ ಹೆಸರಿನ ಔದಾರ್ಯ

ಧ್ವನಿವರ್ಧಕದಲ್ಲಿ ತಮ್ಮ ಹೆಸರು ಕೇಳಿದರೆ ಜನರಿಗೆ ಸಾಮಾನ್ಯವಾಗಿ ಸಂತೋಷವಾಗುತ್ತದೆ. ಕುತ್ತಿಗೆ ತುಸು ನೀಳವಾಗುತ್ತದೆ, ಸೀರೆಯ ಸೆರಗೋ ಅಂಗಿಯ ಕಾಲರೋ ಕೈತಾಗಿ ಸರಿಹೋಗುತ್ತದೆ, ಕೇಳಿಸದವರಂತೆ ನಟಿಸುತ್ತಲೇ ಇನ್ನೊಮ್ಮೆ ಕೂಗಲಿ ಎಂದು ಕಿವಿ ಕಾಯುತ್ತದೆ. ನನಗೆ ಮಾತ್ರ ನನ್ನ ಹೆಸರು ಮೈಕಿನಲ್ಲಿ ಬಂದೊಡನೆ ಕೈ ಪರ್ಸಿನ ಕಡೆಗೆ ಓಡುತ್ತದೆ, ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ. ಇದು ವ್ಯಾಧಿಯಲ್ಲ, ತಾವು ಗಾಬರಿಯಾಗಬೇಡಿ. ನಮ್ಮ ಅಪ್ಪ ವರ್ಷಗಟ್ಟಲೆ ಶ್ರದ್ಧೆಯಿಂದ ಕೊಟ್ಟ ತರಬೇತಿ.

ನಾನು ಕುಷ್ಟಗಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುವವಳು. ಅಪ್ಪ ಯಲಬುರ್ಗಾದಲ್ಲಿ ಟೇಲರ್ ಆಗಿದ್ದವರು. ತಾಲೂಕು ಕಚೇರಿಗೆ ಹೋಗುವ ರಸ್ತೆಯಲ್ಲಿ ಅವರ ಅಂಗಡಿಯಿತ್ತು. ಒಬ್ಬರು ನಿಂತು ಅಳತೆ ಕೊಟ್ಟರೆ ಇನ್ನೊಬ್ಬರು ಹೊರಗೇ ನಿಲ್ಲಬೇಕಾದಷ್ಟು ವಿಸ್ತಾರದ್ದು. ಗುಮಾಸ್ತರ ಸೊಂಟದ ಸುತ್ತಳತೆ ಹೆಚ್ಚಿದ್ದು ಅವರ ಹೆಂಡಂದಿರಿಗಿಂತ ಮೊದಲು ಅಪ್ಪನಿಗೆ ತಿಳಿಯುತ್ತಿತ್ತು, ಹೆಚ್ಚಿದ್ದಕ್ಕೆ ಕಾರಣವೂ ಬಹುಶಃ ತಿಳಿಯುತ್ತಿತ್ತು. ಆದರೆ ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರಾದ್ದರಿಂದ ಯಾವ ರಹಸ್ಯವೂ ಹೊರಬೀಳುತ್ತಿರಲಿಲ್ಲ. ಆಮೇಲೆ ಊರಿಗೆ ರೆಡಿಮೇಡ್ ಅಂಗಡಿಗಳು ಬಂದವು. ಅಪ್ಪನ ಕಣ್ಣಿಗೆ ಪೊರೆ ಬಂತು. ಕಣ್ಣಿನ ಪೊರೆ ತೆಗೆಸಿದೆವು, ಅಂಗಡಿಯನ್ನೂ ತೆಗೆದುಹಾಕಿದೆವು, ಹೊಲಿಗೆಯ ಮಿಷನ್ನು ಅಟ್ಟಕ್ಕೇರಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ನನಗೆ ನೌಕರಿ ಸಿಕ್ಕಿತು. ಒಂದು ಆದಾಯ ಅಸ್ತಮಿಸಿತು, ಇನ್ನೊಂದು ಉದಯಿಸಿತು. ಸೂರ್ಯನ ವಿಷಯದಲ್ಲಿ ಯಾರೂ ಸೂರ್ಯನ ಅನುಮತಿ ಕೇಳುವುದಿಲ್ಲವಷ್ಟೆ. ನನ್ನ ವಿಷಯದಲ್ಲೂ ಯಾರೂ ಕೇಳಲಿಲ್ಲ.

ಅಪ್ಪ-ಅವ್ವನ ಸಂಸಾರಕ್ಕೆ ತಿಂಗಳು ತಿಂಗಳು ಹಣ ಕಳಿಸುವುದು ನನಗೆ ಎಂದೂ ಭಾರವೆನಿಸಿದ್ದಿಲ್ಲ. ಒಬ್ಬಳೇ ಮಗಳು, ಮದುವೆಯ ಮಾತುಕತೆಯಲ್ಲೇ ನಾನು ಅದನ್ನು ಹೇಳಿದ್ದೆ, ಔಷಧಿ ಅಂಗಡಿಯ ನನ್ನ ಗಂಡ ಮಾತ್ರೆ ನುಂಗಿದಷ್ಟು ಸರಾಗವಾಗಿ ಒಪ್ಪಿಕೊಂಡಿದ್ದರು. ನನ್ನ ತಕರಾರು ಇರುವುದು ಅಪ್ಪನ ಹೊಟ್ಟೆಯ ಬಗ್ಗೆ ಅಲ್ಲ, ಅಪ್ಪನ ಔದಾರ್ಯದ ಬಗ್ಗೆ. ಅಂಗಡಿ ಮುಚ್ಚಿದ ಮೇಲೆ ಅಪ್ಪ ದಾನಶೂರರಾದರು. ಸಂಪಾದನೆ ನಿಂತ ಮೇಲೆ ದಾನ ಶುರುಮಾಡಿದವರು ನಮ್ಮ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು.

ಮೊದಲು ಬಂದದ್ದು ಸಮುದಾಯ ಭವನದ ಫ್ಯಾನು. ಒಂದು ಮಧ್ಯಾಹ್ನ ನಾನು ತರಗತಿಯಿಂದ ಹೊರಬಂದಾಗ ಯಲಬುರ್ಗಾದ ಇಬ್ಬರು ಹಿರಿಯರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. "ಮೇಡಮ್ಮರ, ನಮಸ್ಕಾರ್ರಿ. ನಿಮ್ಮ ಅಪ್ಪಾರು ಮೀಟಿಂಗಿನ್ಯಾಗ ಹೇಳ್ಯಾರ್ರಿ, ಫ್ಯಾನ್ ಎಲ್ಲಾ ನಮ್ಮ ಮಗಳದು ಅಂತ. ಅದಕ್ಕ ಬಂದ್ವಿ" ಎಂದರು. ಎಲ್ಲಾ ಎಂದರೆ ಎಷ್ಟು ಎಂದು ಕೇಳುವ ಧೈರ್ಯ ಬರಲು ನನಗೆ ಎರಡು ಲೋಟ ನೀರು ಬೇಕಾಯಿತು. ಸಹೋದ್ಯೋಗಿಗಳು ನೋಡುತ್ತಿದ್ದರು. ಕೊಟ್ಟೆ. ಆ ಫ್ಯಾನುಗಳ ರೆಕ್ಕೆಗಳ ಮೇಲೆ ಈಗಲೂ ನನ್ನ ಹೆಸರು ತಿರುಗುತ್ತಿದೆ; ತಿರುಗುವಾಗ ಯಾರಿಗೂ ಓದಲು ಬರುವುದಿಲ್ಲ, ಕರೆಂಟು ಹೋದಾಗ ಓದಬಹುದು. ನಮ್ಮ ಬಾಡಿಗೆ ಮನೆಯ ಫ್ಯಾನು ಮಾತ್ರ ಅಂದಿನಿಂದ ಇಂದಿನವರೆಗೂ ಗಾಣದ ಹಾಗೆ ನರಳುತ್ತಿದೆ.

ಆಮೇಲೆ ಕಬಡ್ಡಿ ಪಂದ್ಯಾವಳಿಯ ಬಹುಮಾನ ಬಂತು. ನಾನು ಜನ್ಮದಲ್ಲಿ ಕಬಡ್ಡಿ ಆಡಿದವಳಲ್ಲ. ಬೇಸಿಗೆಯ ಅರವಟ್ಟಿಗೆ ಬಂತು, ಓಣಿಯ ಮದುವೆಗಳಿಗೆ ಪಾತ್ರೆ ಬಂತು, ಯಾರದೋ ಮಗುವಿನ ತೊಟ್ಟಿಲು ಬಂತು. ಪ್ರತಿ ಸಲವೂ ಕ್ರಮ ಒಂದೇ: ಅಪ್ಪ ಸಭೆಯಲ್ಲಿ ಎದ್ದು ನಿಲ್ಲುವುದು, ಮಾತು ಕೊಡುವುದು, ಚಪ್ಪಾಳೆ ಬೀಳುವುದು, ಆ ಚಪ್ಪಾಳೆಯ ಸದ್ದು ಬಸ್ ಹತ್ತಿ ಕುಷ್ಟಗಿಗೆ ಬಂದು ನನ್ನ ಬಾಗಿಲು ತಟ್ಟುವುದು. ದಾತಾರನೊಬ್ಬ, ತೆರುವವಳೊಬ್ಬಳು, ಇಂಥ ಕರ್ತೃ ಕರ್ಮಗಳ ಸಂಬಂಧಕ್ಕೆ ವ್ಯಾಕರಣದಲ್ಲಿ ಏನೆನ್ನುತ್ತಾರೋ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಅಪ್ಪ ನನ್ನೆದುರು ಒಂದು ಒಳ್ಳೆಯ ಮಾತು ಆಡಿದ್ದರೆ ಇದನ್ನೆಲ್ಲ ನುಂಗಿಕೊಳ್ಳುತ್ತಿದ್ದೆನೇನೋ. ಊರವರೆದುರು ನಾನು ಅವರ ಕಣ್ಣಮಣಿ. "ನಮ್ಮ ಮಗಳು ಇದ್ದಾಳಲ್ರಿ, ಏನ್ ಚಿಂತಿ" ಎನ್ನುವುದು ಚಹಾದ ಅಂಗಡಿಯಲ್ಲಿ ಅವರ ನಿತ್ಯಪಾಠ. ನಾನು ಹೋಗಿ ಎದುರು ಕೂತರೆ ಮಾತ್ರ, "ಏನ್ ದೊಡ್ಡ ಪಗಾರ ಬಿಡು, ಮಾಸ್ತರಕಿ ಅಂದ್ರ ಅಷ್ಟ" ಎಂದು ಪೇಪರಿನ ಹಿಂದೆ ಮರೆಯಾಗುತ್ತಿದ್ದರು. ನನ್ನ ಹೊಗಳಿಕೆಯನ್ನು ಮೂರನೆಯವರ ಬಾಯಿಂದ, ಅದೂ ವಂತಿಗೆಯ ರಸೀದಿಯ ಜೊತೆಗೆ, ಕೇಳಬೇಕಾದ ದುರ್ದೈವ ನನ್ನದು.

ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದೇನೆ ಎಂದು ನಿಮಗೆ ಅನ್ನಿಸಿದರೆ ಅದು ನನ್ನ ವೃತ್ತಿಯ ದೋಷ. ಪಾಠ ಹೇಳುವವರು ಸಿಟ್ಟನ್ನೂ ವಾಕ್ಯರಚನೆಗೆ ಒಗ್ಗಿಸಿಬಿಡುತ್ತಾರೆ. ಒಳಗೆ ಕುದಿಯುತ್ತಿತ್ತು. ಕುಷ್ಟಗಿಯಲ್ಲೊಂದು ಸಣ್ಣ ಜಾಗ ಕೊಳ್ಳಬೇಕೆಂದು ನಾನೂ ನನ್ನ ಗಂಡನೂ ಚೀಟಿ ಕಟ್ಟುತ್ತಿದ್ದೆವು. ಪ್ರತಿ ವರ್ಷವೂ ಆ ಜಾಗ ಅಪ್ಪನ ಚಪ್ಪಾಳೆಯಷ್ಟು ದೂರಕ್ಕೆ ಸರಿಯುತ್ತಿತ್ತು. ಗಂಡ ಏನೂ ಅನ್ನುತ್ತಿರಲಿಲ್ಲ. ಬೈದಿದ್ದರೆ ನಾನು ಅಪ್ಪನ ಪರವಾಗಿ ವಾದಿಸಿ ಹಗುರಾಗುತ್ತಿದ್ದೆ. ಆ ಸೌಲಭ್ಯವೂ ಇರಲಿಲ್ಲ. ಅವ್ವನಿಗೆ ಫೋನು ಮಾಡಿ ಸಿಡುಕಿದರೆ ಅವಳು, "ನಾ ಹೇಳಿದ್ರ ಕೇಳ್ತಾರೇನ? ನೀನ ಹೇಳು" ಎನ್ನುತ್ತಿದ್ದಳು. ಹೇಳಿಯೂ ಹೇಳಿದೆ. ಒಮ್ಮೆ ಯುಗಾದಿಗೆ ಹೋದಾಗ, ಮುಂದೆ ಯಾರಿಗಾದರೂ ಮಾತು ಕೊಡುವ ಮೊದಲು ನನಗೊಂದು ಫೋನು ಮಾಡಿ ಎಂದು ಬಹುವಚನದಲ್ಲಿ, ತಾಳ್ಮೆಯಲ್ಲಿ ಹೇಳಿದೆ. ಅಪ್ಪ ಬೇವು-ಬೆಲ್ಲದ ಬಟ್ಟಲಿನಿಂದ ತಲೆ ಎತ್ತದೆ "ಹೂಂ" ಎಂದರು. ಆ ಹೂಂಕಾರ ಒಪ್ಪಿಗೆಯಲ್ಲ, ಬೆಲ್ಲದ ರುಚಿಯ ಬಗ್ಗೆ ಎಂದು ತಿಳಿದದ್ದು ಸಿದ್ದಾಪುರದ ಮದುವೆಯಲ್ಲಿ.

ಗಂಗಾವತಿ ಕಡೆಯ ಸಿದ್ದಾಪುರದಲ್ಲಿರುವವಳು ಅಪ್ಪನ ತಂಗಿ, ನನ್ನ ಸೋದರತ್ತೆ ಶಾಂತವ್ವ. ನಮ್ಮದು ಮಳೆ ನೋಡಿ ಬದುಕುವ ಎರೆಭೂಮಿ. ಅವರದು ಕಾಲುವೆ ನೀರಿನ ಭತ್ತದ ಸೀಮೆ. ಆ ಮನೆಯವರು ಎರಡು ಬೆಳೆ ತೆಗೆಯುತ್ತ, ಟ್ರ್ಯಾಕ್ಟರು ಬದಲಿಸುತ್ತ, ಗಂಗಾವತಿಯಲ್ಲಿ ಅಂಗಡಿ ಇಡುತ್ತ ನಮ್ಮಿಂದ ಬಹಳ ಮೇಲೆ ಹೋಗಿದ್ದರು. ಅತ್ತೆಯ ಮೊಮ್ಮಗಳ ಮದುವೆ. ನಾನು ಒಳ್ಳೆಯದೊಂದು ರೇಷ್ಮೆ ಸೀರೆ ಕೊಂಡು, ಕಾಲೇಜಿಗೆ ರಜೆ ಹಾಕಿ ಹೋದೆ. ಅಪ್ಪ ಅವ್ವ ಮೊದಲೇ ಬಂದಿದ್ದರು. ಅಪ್ಪ ಹೊಸ ಬಿಳಿ ಜುಬ್ಬಾದಲ್ಲಿ, ಬೀಗರ ಸಾಲಿನ ಮುಂದಿನ ಕುರ್ಚಿಯಲ್ಲಿ, ಎರಡೂ ಕೈ ತೊಡೆಯ ಮೇಲಿಟ್ಟು ಫೋಟೋಕ್ಕೆ ಕೂತವರಂತೆ ಕೂತಿದ್ದರು.

ಅಕ್ಕಿಕಾಳು ಬಿದ್ದು, ಉಡುಗೊರೆ ಕೂಗುವುದು ಶುರುವಾಯಿತು. ನಾನು ಊಟದ ಪಂಕ್ತಿಯಲ್ಲಿ ಕೂತು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಆಗ ಮೈಕು ಗೊರಗೊರ ಅಂದು ಹೀಗೆ ಸಾರಿತು: "ಯಲಬುರ್ಗಾದ ಈರಣ್ಣನವರ ಮಗಳು, ಕುಷ್ಟಗಿ ಕಾಲೇಜಿನ ಮಂಗಲಾ ಮೇಡಂ ಅವರಿಂದ ಮದುಮಗಳಿಗೆ ಒಂದು ತೊಲಿ ಬಂಗಾರದ ಸರ. ಶುಭಾಶಯಗಳು."

ಈಗಿನ ಬಂಗಾರದ ದರ ನಿಮಗೆ ಗೊತ್ತಿದೆ. ನಾನು ಬಾಯಿಬಿಟ್ಟು ಹೇಳಿ ನಿಮ್ಮ ಊಟವನ್ನೂ ಕೆಡಿಸುವುದಿಲ್ಲ. ನಮ್ಮ ಜಾಗಕ್ಕೆ ಮುಂಗಡ ಕೊಡಬೇಕಾದದ್ದು ಬರುವ ವಾರ. ಪಕ್ಕದ ಹೆಂಗಸು, "ಭಾಳ ಛಲೋ ಮಾಡಿದ್ರಿ ನೋಡ್ರಿ ಮೇಡಮ್ಮರ" ಎಂದು ನನ್ನ ತೋಳು ಮುಟ್ಟಿದಳು. ನಾನು ಎಲೆಯ ಮುಂದಿನಿಂದ ಎದ್ದೆ, ಕೈ ತೊಳೆದೆ, ವೇದಿಕೆ ಹತ್ತಿದೆ, ಕೂಗುತ್ತಿದ್ದವನ ಕೈಯಿಂದ ಮೈಕು ತೆಗೆದುಕೊಂಡೆ. ಕನ್ನಡ ಅಧ್ಯಾಪಕಿ ಮೈಕು ಕೇಳಿದರೆ ನಮ್ಮ ಕಡೆ ಯಾರೂ ಇಲ್ಲವೆನ್ನುವುದಿಲ್ಲ. ವಚನ ಹೇಳುತ್ತಾಳೆ ಎಂದುಕೊಳ್ಳುತ್ತಾರೆ.

"ಎಲ್ಲರಿಗೂ ನಮಸ್ಕಾರ. ಈಗ ಕೂಗಿದ್ದರಲ್ಲಿ ಒಂದು ತಿದ್ದುಪಡಿ ಇದೆ. ಮದುಮಗಳಿಗೆ ನಾನು ತಂದದ್ದು ಒಂದು ಸೀರೆ ಮತ್ತು ಮನಃಪೂರ್ವಕ ಹಾರೈಕೆ. ಬಂಗಾರದ ಸರದ ಮಾತು ನನ್ನದಲ್ಲ. ಮಾತು ಕೊಟ್ಟವರು ಕೊಡುತ್ತಾರೆ" ಎಂದೆ. ಒಂದು ಅಕ್ಷರವೂ ತಡವರಿಸಲಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿದ್ದವು.

ಛತ್ರದಲ್ಲಿ ಬಡಿಸುವವರ ಬಕೆಟ್ಟಿನ ಸದ್ದು ಮಾತ್ರ ಕೇಳುತ್ತಿತ್ತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುಂದಿನ ಸಾಲಿನಲ್ಲಿ ಅಪ್ಪ ಮೊದಲು ಕೂತ ಭಂಗಿಯಲ್ಲೇ ಕೂತಿದ್ದರು. ತೊಡೆಯ ಮೇಲಿನ ಕೈಗಳು ಮಾತ್ರ ಜುಬ್ಬಾದ ಅಂಚನ್ನು ಹಿಡಿದು ಮಡಚುತ್ತಿದ್ದವು. ನಾನು ಇಳಿದು ಬಂದಾಗ ಅವರ ಕುರ್ಚಿ ಖಾಲಿಯಿತ್ತು. ಅವ್ವನನ್ನೂ ಕರೆಯದೆ, ಊಟವನ್ನೂ ಮಾಡದೆ, ಒಬ್ಬರೇ ಬಸ್ ಹತ್ತಿ ಹೋಗಿದ್ದರು.

ಅಂದು ನಾನಾಡಿದ ಮಾತು ತಪ್ಪೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಅವ್ವ ಮಾತ್ರ ವಾಪಸು ಬರುವ ಬಸ್ಸಿನಲ್ಲಿ, ಕಿಟಕಿಯ ಕಡೆ ಮುಖ ಮಾಡಿಕೊಂಡು, ನನಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿದಳು. ಅತ್ತೆಯ ಮಗಳ ಮದುವೆಯಲ್ಲಿ, ಅಂದರೆ ಈಗಿನ ಮದುಮಗಳ ತಾಯಿಯ ಮದುವೆಯಲ್ಲಿ, ಅಪ್ಪನನ್ನು ಆ ಮನೆಯವರು ವಾರ ಮೊದಲೇ ಕರೆಸಿಕೊಂಡಿದ್ದರಂತೆ. ಸೋದರಮಾವನ ಸಡಗರಕ್ಕಲ್ಲ, ಮಿಷನ್ನಿನ ಸಮೇತ, ಹೆಂಗಸರ ಜಂಪರು ಹೊಲಿಯಲಿಕ್ಕೆ. ಅಕ್ಕಿಕಾಳು ಬೀಳುವ ಹೊತ್ತಿಗೂ ಅಪ್ಪ ಹಿತ್ತಲಿನ ಪಡಸಾಲೆಯಲ್ಲಿ ಯಾರದೋ ಜಂಪರಿನ ತೋಳು ಬಿಚ್ಚಿ ಮತ್ತೆ ಹಚ್ಚುತ್ತಿದ್ದರಂತೆ. "ಕಡೀ ಪಂಕ್ತ್ಯಾಗ ಉಂಡು ಬಂದ್ರು. ಒಬ್ಬರೂ ಮಾವ ಅಂತ ಕರದು ಕುಂದರಸಲಿಲ್ಲ" ಎಂದಳು ಅವ್ವ. "ಇವತ್ತ ಮುಂದಿನ ಕುರ್ಚಿ ಕೊಟ್ರಲ್ಲ, ಅದು ಸರದ ಮಾತು ಕೊಟ್ಟ ಮ್ಯಾಲೆ."

ಕೇಳಿ ನನಗೆ ಕನಿಕರವಾಗಬೇಕಿತ್ತು. ಆಯಿತು ಕೂಡ. ಆದರೆ ಸಿಟ್ಟು ಇಳಿಯಲಿಲ್ಲ, ಏರಿತು. ಅಪ್ಪನನ್ನು ಹಿತ್ತಲಲ್ಲಿ ಕೂರಿಸಿದವರ ಮೇಲೆ ಬರಬೇಕಾದ ಸಿಟ್ಟನ್ನು ಅಪ್ಪ ಎಂದೂ ಅವರಿಗೆ ತೋರಿಸಲಿಲ್ಲ. ಬದಲಿಗೆ ಅವರಿಗೇ ಬಂಗಾರ ಹೊರಿಸಲು ಹೊರಟಿದ್ದರು, ಅದೂ ನನ್ನ ಕೈಯಿಂದ. ಮಾನ ಕಳೆದವರಿಗೇ ಮಾನದ ಬೆಲೆ ತೆರುವ ಈ ವ್ಯಾಪಾರ ಯಾವ ನ್ಯಾಯ? ಅರ್ಥವಾಗುವುದೂ ಕ್ಷಮಿಸುವುದೂ ಒಂದೇ ಮನೆಯಲ್ಲಿ ವಾಸಿಸುತ್ತವೆ ಎಂದು ಪಾಠ ಮಾಡುವಾಗ ಹೇಳಿದ್ದುಂಟು. ಅವು ಒಂದೇ ಓಣಿಯಲ್ಲೂ ಇಲ್ಲ.

ಆಮೇಲೆ ಅಪ್ಪ ನನ್ನೊಡನೆ ಮಾತು ಬಿಟ್ಟರು. ನಾನೂ ಬಿಟ್ಟೆ. ಜಾಗದ ಮುಂಗಡ ಕೊಟ್ಟೆವು. ತಿಂಗಳ ಹಣ ಎಂದಿನಂತೆ ಅವ್ವನ ಖಾತೆಗೆ ಹೋಯಿತು. ಕೆಲವು ವಾರ ಕಳೆದ ಮೇಲೆ ಅವ್ವನ ಫೋನು ಬಂತು. "ನಿನಗ ಹೇಳಬ್ಯಾಡ ಅಂದಾರ, ಅದಕ್ಕ ಹೇಳಾಕತ್ತೀನಿ. ಮಿಷನ್ ಅಟ್ಟದಿಂದ ಇಳಿಸ್ಯಾರ. ಬಸ್ ಸ್ಟ್ಯಾಂಡ್ ಬಾಜೂಕ ಕುಂತು ಹೊಲಿಯಾಕತ್ಯಾರ" ಎಂದಳು. ಮರುದಿನ ಕಾಲೇಜಿನಲ್ಲಿ, ಯಲಬುರ್ಗಾದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಬಹಳ ಮರ್ಯಾದೆಯಿಂದ, "ಮ್ಯಾಡಂ, ನನ್ನ ಬ್ಯಾಗಿನ ಜಿಪ್ ನಿಮ್ಮ ಅಪ್ಪಾರ ಹಾಕಿಕೊಟ್ರಿ" ಎಂದು ತೋರಿಸಿದಳು. ಜಿಪ್ಪು ಚೆನ್ನಾಗಿ ಕೂತಿತ್ತು. ನನ್ನ ಕಿವಿ ಬಿಸಿಯಾಯಿತು.

ಮಧ್ಯಾಹ್ನದ ಬಸ್ಸಿಗೆ ಹೊರಟೆ. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. ಪೀಠಿಕೆ, ಆರೋಪ, ಉಪಸಂಹಾರ ಎಲ್ಲ ಸಿದ್ಧವಿದ್ದವು. ನಿಲ್ದಾಣದ ಪಕ್ಕ, ಸ್ಟೇಷನರಿ ಅಂಗಡಿಯ ತಗಡಿನ ನೆರಳಿನಲ್ಲಿ ಅಪ್ಪ ಕೂತಿದ್ದರು. ಸುತ್ತ ಫಾಲ್ ಹಚ್ಚಬೇಕಾದ ಸೀರೆಗಳು, ಉದ್ದ ಕಡಿಮೆ ಮಾಡಬೇಕಾದ ಪ್ಯಾಂಟುಗಳು. ಬಾಯಲ್ಲಿ ಗುಂಡುಸೂಜಿ. ನನ್ನನ್ನು ನೋಡಿ ಕಾಲು ನಿಲ್ಲಿಸಲಿಲ್ಲ. ಮಿಷನ್ನು ಓಡುತ್ತಲೇ ಇತ್ತು.

"ಮನೀಗೆ ನಡೀರಿ" ಎಂದೆ. ಜೋಡಿಸಿಕೊಂಡಿದ್ದ ಪೀಠಿಕೆ ಎಲ್ಲಿ ಹೋಯಿತೋ.

ಅಪ್ಪ ಸೂಜಿಗಳನ್ನು ಒಂದೊಂದಾಗಿ ತೆಗೆದು ಕಾಲರಿಗೆ ಚುಚ್ಚಿಕೊಂಡರು. "ಯಾಕ? ಮಾತು ಕೊಟ್ಟವ್ರು ಕೊಡ್ತಾರ ಅಂತ ನೀನ ಹೇಳಿದ್ಯಲ್ಲ, ಮೈಕಿನ್ಯಾಗ. ಕೊಡಾಕತ್ತೀನಿ."

"ನನ್ನ ಮಾನ ಕಳ್ಯಾಕ ಕುಂತೀರಿ ಇಲ್ಲಿ."

"ಹೊಲಿಯೋದ್ರಾಗ ಮಾನ ಹೋಗ್ತದೇನು? ಇದರಾಗ ನೀ ಓದಿದಿ."

ಸಿಟ್ಟು ದಾರಿ ಬದಲಿಸಿತು. "ಮಾತು ಕೊಡೋ ಮುಂಚೆ ನನಗ ಒಂದು ಸಲ ಕೇಳಿದ್ರ ಏನಾಗ್ತಿತ್ತು? ಒಂದ ಸಲ? ಫ್ಯಾನಿಗೆ ಕೇಳಲಿಲ್ಲ, ಕಬಡ್ಡಿಗೆ ಕೇಳಲಿಲ್ಲ, ಬಂಗಾರಕ್ಕೂ ಕೇಳಲಿಲ್ಲ" ಎಂದೆ. ದನಿ ಏರಿತ್ತು. ಅಂಗಡಿಯವನು ಒಳಗೆ ಹೋಗಿ ಏನೋ ಹುಡುಕತೊಡಗಿದ.

ಅಪ್ಪ ನಿಜಕ್ಕೂ ಅರ್ಥವಾಗದವರಂತೆ ನನ್ನನ್ನು ನೋಡಿದರು. "ತನ್ನ ಕಿಸೇದಾಗ ಕೈ ಹಾಕಾಕ ಯಾರರ ಕೇಳ್ತಾರೇನು, ಮಂಗಲಾ?"

"ನಾ ನಿಮ್ಮ ಮಗಳು. ಕಿಸೆ ಅಲ್ಲ."

ಮಿಷನ್ನು ನಿಂತಿತು. ಸಾವಿರಾರು ಕಿಸೆ ಹೊಲಿದ ಮನುಷ್ಯ, ಕೈಯಲ್ಲಿದ್ದ ಪ್ಯಾಂಟಿನ ಕಡೆ ನೋಡುತ್ತ ಕೂತರು. ಆಮೇಲೆ ದಾರ ಕಡಿದರು, ಪ್ಯಾಂಟು ಮಡಚಿ ಪಕ್ಕಕ್ಕಿಟ್ಟರು, "ನಿನ್ನ ಬಸ್ಸಿಗೆ ಹೊತ್ತಾತು" ಎಂದರು. ನಾನು ಮನೆಗೂ ಹೋಗದೆ, ಅವ್ವನನ್ನೂ ನೋಡದೆ, ಬಂದ ದಾರಿಯಲ್ಲೇ ಮರಳಿದೆ. ಸೀಟು ಸಿಗದೆ ಕುಷ್ಟಗಿಯವರೆಗೂ ನಿಂತೇ ಬಂದೆ. ಸಿಕ್ಕಿದ್ದರೂ ಕೂರುವ ಸ್ಥಿತಿಯಲ್ಲಿರಲಿಲ್ಲ.

ಅಪ್ಪ ಹೊಲಿಯುವುದನ್ನು ನಿಲ್ಲಿಸಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಸಿದ್ದಾಪುರಕ್ಕೆ ಹೋಗಿ ಬಂದರೆಂದು ಅವ್ವ ಹೇಳಿದಳು. ಸರ ಆಗಿರಲಿಲ್ಲ, ಆಗುವುದು ಸಾಧ್ಯವೂ ಇರಲಿಲ್ಲ. ಒಂದು ಜೊತೆ ಸಣ್ಣ ಬೆಂಡೋಲೆ ಒಯ್ದಿದ್ದರಂತೆ, ಮದುಮಗಳ ಕೈಯಲ್ಲೇ ಇಟ್ಟು, "ಸರ ನನ್ನ ಕೈಲಿ ಆಗಲಿಲ್ಲವ್ವ, ಇಷ್ಟ ಆತು" ಎಂದರಂತೆ. ಆ ಮನೆಯವರು ಚಹಾ ಕೊಟ್ಟರಂತೆ. ಕುರ್ಚಿ ಕೊಟ್ಟರೇ ಎಂದು ನಾನು ಕೇಳಿದೆ. "ಕಟ್ಟೀ ಮ್ಯಾಲೆ ಶಾಂತವ್ವನ ಜೋಡಿ ಕುಂತು ಬಂದ್ರು, ಅಣ್ಣ ತಂಗಿ ಭಾಳ ಹೊತ್ತು ಮಾತಾಡಿದ್ರಂತ" ಎಂದಳು ಅವ್ವ. ಆ ಬೆಂಡೋಲೆಯ ವಿಷಯ ಯಾವ ಮೈಕೂ ಕೂಗಲಿಲ್ಲ. ನನಗೆ ಆಗಲೂ ಸಿಟ್ಟಿತ್ತು. ಆದರೆ ಅಪ್ಪನ ಮೇಲೆ ಎಷ್ಟು, ಆ ದೊಡ್ಡ ಮನೆಯವರ ಮೇಲೆ ಎಷ್ಟು, ಚಪ್ಪಾಳೆಗೆ ಹೆದರಿ ವರ್ಷಗಟ್ಟಲೆ ಪರ್ಸು ತೆರೆದ ನನ್ನ ಮೇಲೆ ಎಷ್ಟು ಎಂದು ಬಿಡಿಸಿ ಹೇಳಲು ಬರುತ್ತಿರಲಿಲ್ಲ.

ಕಳೆದ ತಿಂಗಳು ಒಂದು ಸಂಜೆ ಫೋನು ಬಂತು. ಅಪ್ಪನದು. ಅವರು ತಾವಾಗಿ ನನಗೆ ಫೋನು ಮಾಡಿದವರೇ ಅಲ್ಲ. ಏನಿದ್ದರೂ ಅವ್ವನ ಮೂಲಕ. ನಾನು ಅವ್ವನಿಗೇನೋ ಆಯಿತೆಂದು ಹೆದರಿದೆ.

"ಮಂಗಲಾ, ಇಲ್ಲಿ ನಮ್ಮ ಓಣಿಯವ್ರು ಬಂದಾರ. ಒಂದು ವಾಚನಾಲಯ ಮಾಡ್ತಾರಂತ, ಹುಡುಗ್ರು ಓದಾಕ. ಪುಸ್ತಕದ ಕಪಾಟು ಬೇಕಂತ. ನಾ, ಮಗಳನ್ನ ಕೇಳಿ ಹೇಳ್ತೀನಿ ಅಂದೀನಿ." ಆಮೇಲೆ, ಅಭ್ಯಾಸವಿಲ್ಲದ ಕೆಲಸ ಮಾಡುವವರ ಎಚ್ಚರದಲ್ಲಿ, "ಏನಂತಿ?" ಎಂದರು.

ವಾಚನಾಲಯ. ಪುಸ್ತಕದ ಕಪಾಟು. ಇಷ್ಟು ವರ್ಷ ಅಪ್ಪ ನನ್ನ ಹೆಸರಿನಲ್ಲಿ ಕೊಟ್ಟ ದಾನಗಳಲ್ಲಿ ನಾನು ಕಣ್ಣುಮುಚ್ಚಿ ಹೂಂ ಅನ್ನಬಹುದಾಗಿದ್ದ ಏಕೈಕ ದಾನ ಅದು. ಕನ್ನಡದ ಅಧ್ಯಾಪಕಿಯ ನಾಲಿಗೆಯ ತುದಿಗೆ ಹೂಂ ಬಂದು ನಿಂತಿತ್ತು. ಆದರೆ ಇಲ್ಲ ಎನ್ನುವ ಅವಕಾಶ ನನಗೆ ಸಿಕ್ಕಿದ್ದು ಅದೇ ಮೊದಲು, ಮತ್ತೆ ಸಿಗುತ್ತದೋ ಇಲ್ಲವೋ.

"ಈ ಸಲ ಆಗೂದಿಲ್ಲಪಾ" ಎಂದೆ. ಬೇರೆ ಕಾರಣ ಕೊಡಲಿಲ್ಲ.

ಅತ್ತ ಕಡೆ ಅಪ್ಪ ಫೋನನ್ನು ಬಾಯಿಯಿಂದ ದೂರ ಹಿಡಿದು, ಸಭೆಯಲ್ಲಿ ಎದ್ದು ನಿಂತು ಆಡುವ ಅದೇ ಗಟ್ಟಿ ದನಿಯಲ್ಲಿ, "ನಮ್ಮ ಮಗಳಿಗೆ ಈ ಸಲ ಆಗೂದಿಲ್ಲಂತ್ರಿ" ಎಂದು ಬಂದವರಿಗೆ ಹೇಳಿದರು. ಮತ್ತೆ ನನ್ನ ಕಡೆಗೆ, ಸಣ್ಣ ದನಿಯಲ್ಲಿ, "ಆತು ಬಿಡು. ಊಟ ಆತೇನು?" ಎಂದರು.

ಫೋನಿಟ್ಟು ಕೂತಿದ್ದೆ. ಗಂಡ ಅಂಗಡಿ ಮುಚ್ಚಿ ಬಂದವರು ನನ್ನ ಮುಖ ನೋಡಿ, ಎಂದೂ ಕೇಳದವರು, "ಯಾರದು ಫೋನು? ಮಾವಂದೇನು? ಏನಂತ?" ಎಂದರು.

"ಕೇಳಿದ್ರು" ಎಂದೆ.

"ಏನ್ ಕೇಳಿದ್ರು?"

"ಮೊದಲು ನನ್ನ ಕೇಳಿದ್ರು. ಆಮ್ಯಾಲೆ ನಾ ಹೇಳಿದ್ದನ್ನೂ ಕೇಳಿದ್ರು."